ಪ್ರೆಸ್‌ಗೆ ಬರುವ ಮೊದಲೇ

ಇವತ್ತಿನ ವಾರ್ಡ್‌ರೋಬ್, ಮಾಡ್ಯುಲರ್ ಅಡುಗೆಮನೆ, ಆಫೀಸಿನ ಮೇಜುಗಳಲ್ಲಿ ಬಹಳಷ್ಟು ಪ್ರೀಲ್ಯಾಮ್ ಬೋರ್ಡಿನವು. ಒಳಗೆ ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್. ಎರಡೂ ಮುಖಕ್ಕೆ ತೇಗದ್ದೋ ವಾಲ್‌ನಟ್‌ದ್ದೋ ಗೆರೆ ಅಚ್ಚಾದ, ಮೆಲಮಿನ್ ರೆಸಿನ್ ಕುಡಿಸಿ ಒಣಗಿಸಿದ ಕಾಗದ. ಮೂರನ್ನೂ ಜೋಡಿಸಿ ಬಿಸಿ ಪ್ರೆಸ್‌ನಲ್ಲಿ ಸುಮಾರು ಅರ್ಧ ನಿಮಿಷ ಒತ್ತಿದರೆ ರೆಸಿನ್ ಕರಗಿ, ಹರಿದು, ಗಟ್ಟಿಯಾಗಿ ಬೋರ್ಡನ್ನು ಹಿಡಿದುಕೊಳ್ಳುತ್ತದೆ. ಆ ಅರ್ಧ ನಿಮಿಷದ ಹಿಂದೆ ಮುಂದೆ ಕೆಲಸ ಮಾಡಿಕೊಂಡು ಬಂದವನು ನಾನು. ಮಾಲು ಕೆಟ್ಟಾಗಲೆಲ್ಲ ಎಲ್ಲರೂ ಪ್ರೆಸ್ ಆಪರೇಟರ್‌ನನ್ನು ಕೇಳುತ್ತಾರೆ. ಆದರೆ ದೋಷ ಕಣ್ಣಿಗೆ ಬೀಳುವ ಜಾಗ ಅದು, ಅಷ್ಟೇ. ಬಹುಪಾಲು ದೋಷಗಳು ಅದಕ್ಕೂ ಮೊದಲೇ ಹುಟ್ಟಿರುತ್ತವೆ.

1. ಬೋರ್ಡಿಗೆ ಆರಲು ಪುರಸೊತ್ತು ಕೊಡಿ

ಹೊಸದಾಗಿ ಒತ್ತಿದ ಬೋರ್ಡಿನ ನಡುಭಾಗದಲ್ಲಿ ಬಿಸಿ, ತೇವ ಎರಡೂ ಉಳಿದಿರುತ್ತವೆ. ಆರ್ಡರಿನ ಅವಸರಕ್ಕೆ ಅದನ್ನು ಹಾಗೆಯೇ ಲ್ಯಾಮಿನೇಶನ್‌ಗೆ ಎಳೆದರೆ, ಎರಡು ಕಡೆ ಕಾಗದ ಮುಚ್ಚಿದ ಮೇಲೆ ಆವಿಗೆ ದಾರಿಯೇ ಇರುವುದಿಲ್ಲ. ಪ್ರೆಸ್ ತೆರೆದ ಕ್ಷಣ ಒತ್ತಡ ಇಳಿಯುತ್ತದೆ, ಆವಿ ಒಳಗಿನಿಂದ ತಳ್ಳುತ್ತದೆ, ಮೇಲೆ ಗುಳ್ಳೆ ಏಳುತ್ತದೆ. ಕೆಲವೊಮ್ಮೆ ಬೋರ್ಡೇ ನಡುವೆ ಬಿರಿಯುತ್ತದೆ. ಬೋರ್ಡು ಕೆಲವು ದಿನ ಗೋದಾಮಿನಲ್ಲಿ ಕೂರಲಿ. ತೇವಾಂಶ ಶೇ. 5ರಿಂದ 8ರೊಳಗೆ, ಇಡೀ ಹಲಗೆಯಲ್ಲಿ ಒಂದೇ ಸಮನಾಗಿ ನಿಂತ ಮೇಲೆ ತನ್ನಿ.

2. ಸ್ಯಾಂಡಿಂಗ್‌ನಲ್ಲಿ ಉಳಿದದ್ದನ್ನು ಕಾಗದ ಮುಚ್ಚುವುದಿಲ್ಲ

ಗೆರೆ ಅಚ್ಚಾದ ಈ ಡೆಕೋರ್ ಕಾಗದ, ರೆಸಿನ್ ಕುಡಿಸುವ ಮೊದಲು, ಸಾಮಾನ್ಯವಾಗಿ ಚದರ ಮೀಟರಿಗೆ 70-80 ಗ್ರಾಂ ತೂಗುತ್ತದೆ. ಇಷ್ಟು ತೆಳುವಾದದ್ದು ಗೀರನ್ನಾಗಲಿ ತಗ್ಗನ್ನಾಗಲಿ ಮರೆಮಾಡಲಾರದು. ಹೊಳಪಿನ ಪ್ಲೇಟ್‌ನಲ್ಲಿ ಒತ್ತಿದರಂತೂ ಅವು ಇನ್ನೂ ಎದ್ದು ಕಾಣುತ್ತವೆ. ಹಾಗೆಂದು ಬಹಳ ಉಜ್ಜಿ ತೆಗೆದರೆ ಮೇಲಿನ ನುಣುಪು ಪುಡಿಯ ಪದರ ಸವೆದು ಒಳಗಿನ ದಪ್ಪ ಚೂರುಗಳು ಹೊರಬರುತ್ತವೆ. ದಪ್ಪವನ್ನು ಮಧ್ಯದಲ್ಲಿ ಮಾತ್ರ ಅಳೆಯಬೇಡಿ, ನಾಲ್ಕೂ ಮೂಲೆಗಳಲ್ಲಿ ಅಳೆಯಿರಿ. ಒಂದು ಮೂಲೆ ತೆಳುವಾಗಿದ್ದರೆ ಅಲ್ಲಿ ಒತ್ತಡ ಕಡಿಮೆ ಬಿದ್ದು ಮಸುಕು ಕಲೆ ಬರುವುದು ಖಚಿತ. ಕಾಗದ ಹಾಸುವ ಮೊದಲು ಧೂಳು ತೆಗೆಯುವ ಬ್ರಶ್ ಯಂತ್ರ ಓಡಲೇಬೇಕು.

3. ಕಾಗದವನ್ನು ಹಪ್ಪಳದಂತೆ ಕಾಪಾಡಿ

ಕಾರ್ಖಾನೆಯಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ವಸ್ತು ರೆಸಿನ್ ಕುಡಿಸಿದ ಕಾಗದವೇ. ಅದರಲ್ಲಿರುವ ಮೆಲಮಿನ್ ರೆಸಿನ್ ಅರ್ಧ ಮಾತ್ರ ಪಕ್ವವಾಗಿರುತ್ತದೆ. ಉಳಿದರ್ಧ ಪಕ್ವವಾಗುವುದು ಪ್ರೆಸ್‌ನಲ್ಲಿ. ನಡುವಿನ ದಿನಗಳಲ್ಲಿ ಶೆಕೆ ತಗುಲಿದರೆ ಅದು ಗೋದಾಮಿನಲ್ಲೇ ಬಲಿಯತೊಡಗುತ್ತದೆ. ಬಲಿತ ರೆಸಿನ್ ಪ್ರೆಸ್‌ನಲ್ಲಿ ಹರಿಯದು, ಮೇಲ್ಮೈಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಗಾಳಿಯ ತೇವ ಹೀರಿಕೊಂಡರೆ ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗುತ್ತವೆ. ತೀರಾ ಒಣಗಿದರೆ ಕೈ ತಾಗಿದರೆ ಸಾಕು, ಅಂಚು ಮುರಿಯುತ್ತದೆ. 20ರಿಂದ 25 ಡಿಗ್ರಿ ಸೆಲ್ಸಿಯಸ್, ಶೇ. 50ರ ಆಸುಪಾಸಿನ ಆರ್ದ್ರತೆ: ಈ ಎರಡನ್ನು ಹಗಲು ರಾತ್ರಿ ಕಾಯಬೇಕು.

ಬೆಂಗಳೂರಿನ ಸುತ್ತಮುತ್ತ ವರ್ಷದ ಬಹುಭಾಗ ಇದು ಕಷ್ಟವಲ್ಲ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಎಸಿ ಮತ್ತು ತೇವ ಹೀರುವ ಯಂತ್ರ ಎರಡೂ ಇಲ್ಲದೆ ಕಾಗದ ಇಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ರಾತ್ರಿ ಪಾಳಿಯಲ್ಲಿ ಕರೆಂಟ್ ಉಳಿಸಲು ಆ ಕೋಣೆಯ ಎಸಿ ಆರಿಸುವ ಪದ್ಧತಿ ಕೆಲವು ಕಡೆ ಇದೆ. ಆ ಉಳಿತಾಯ ರಿಜೆಕ್ಟ್ ಮಾಲಿನ ರೂಪದಲ್ಲಿ ಹಲವು ಪಟ್ಟಾಗಿ ಕೈಬಿಟ್ಟು ಹೋಗುತ್ತದೆ. ಇನ್ನೊಂದು ಮಾತು: ತಂಪು ಕೋಣೆಯಿಂದ ಬಂದ ಕಟ್ಟನ್ನು ಪ್ರೆಸ್ ಹಾಲ್‌ನಲ್ಲಿ ಕೂಡಲೇ ಬಿಚ್ಚಬೇಡಿ. ತಣ್ಣಗಿನ ಹಾಳೆಯ ಮೇಲೆ ಗಾಳಿಯ ತೇವ ಇಳಿಯುತ್ತದೆ. ಪ್ಲಾಸ್ಟಿಕ್ ಸುತ್ತಿದ್ದ ಹಾಗೆಯೇ ಹಾಲ್‌ನ ಬಿಸಿಗೆ ಹೊಂದಿಕೊಳ್ಳಲಿ, ಆಮೇಲೆ ಬಿಚ್ಚಿ. ಮೊದಲು ಬಂದ ಕಾಗದ ಮೊದಲು ಹೋಗಬೇಕು ಎನ್ನುವುದನ್ನು ಬಾಗಿಲ ಮೇಲೆ ಬರೆದು ಹಾಕಿ.

4. ಗೇಜ್‌ನ ಅಂಕಿ ಬೋರ್ಡಿನ ಒತ್ತಡವಲ್ಲ

ಗೇಜ್ ತೋರಿಸುವುದು ಪ್ರೆಸ್ ಸಿಲಿಂಡರಿನ ಎಣ್ಣೆಯ ಒತ್ತಡವನ್ನು. ಬೋರ್ಡಿನ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಎಷ್ಟು ಕೆಜಿ ಬೀಳುತ್ತದೆ ಎಂಬುದು ಮುಖ್ಯ. 8×4 ಅಡಿಯ ಬೋರ್ಡಿನ ವಿಸ್ತೀರ್ಣ ಸುಮಾರು 29,770 ಚದರ ಸೆಂ.ಮೀ. ಚದರ ಸೆಂಟಿಮೀಟರಿಗೆ 25 ಕೆಜಿ ಬೇಕಾದರೆ ಪ್ರೆಸ್ ಸುಮಾರು 744 ಟನ್ ಬಲ ಕೊಡಬೇಕು. ಅದೇ ಸೆಟ್ಟಿಂಗ್‌ನಲ್ಲಿ 8×6 ಅಡಿಯದನ್ನು ಹಾಕಿದರೆ ಬೀಳುವುದು 17 ಕೆಜಿಗಿಂತ ಕಡಿಮೆ. ಬೇಕಿದ್ದ ಬಲ 1,116 ಟನ್. ಅಳತೆ ಬದಲಾದ ಪಾಳಿಯಲ್ಲಿ ಮಾಲು ಮಬ್ಬಾಗಿ ಬಂದರೆ ರೆಸಿನ್ ಸಪ್ಲೈಯರ್‌ಗೆ ಫೋನ್ ಮಾಡುವ ಮೊದಲು ಈ ಲೆಕ್ಕ ಹಾಕಿ. ಪ್ರತಿ ಅಳತೆಗೂ ಇರಬೇಕಾದ ಗೇಜ್ ಅಂಕಿಯನ್ನು ಪಟ್ಟಿ ಮಾಡಿ ಪ್ಯಾನೆಲ್ ಪಕ್ಕ ಅಂಟಿಸಿಡಿ.

ಪ್ಲೇಟ್ ಹಿಂದಿನ ಕುಶನ್ ಪ್ಯಾಡ್ ಹಳತಾದರೆ ಅಲ್ಲಲ್ಲಿ ಕುಸಿಯುತ್ತದೆ. ಪ್ರೆಸ್ ತಣ್ಣಗಿದ್ದಾಗ ಬಿಳಿ ಹಾಳೆ ಮತ್ತು ಕಾರ್ಬನ್ ಹಾಳೆ ಇಟ್ಟು ಒತ್ತಿ ನೋಡಿದರೆ ಎಲ್ಲಿ ಅಚ್ಚು ತಿಳಿಯಾಗಿದೆಯೋ ಅಲ್ಲಿ ಪ್ಯಾಡ್ ಸೋತಿದೆ ಎಂದು ಗೊತ್ತಾಗುತ್ತದೆ. ಪ್ಲೇಟಿನ ಕ್ರೋಮ್ ಲೇಪನವನ್ನು ಉಕ್ಕಿನ ಪಟ್ಟಿಯಿಂದ ಕೆರೆಯಲು ಯಾರನ್ನೂ ಬಿಡಬೇಡಿ. ಪ್ಲೇಟ್ ಮೇಲಿನ ಒಂದು ಗೀರು ಮುಂದಿನ ಪ್ರತಿ ಬೋರ್ಡಿನಲ್ಲೂ ಅಚ್ಚಾಗುತ್ತದೆ.

5. ಕಾಗದ ಬಿಸಿ ಮುಟ್ಟಿದ ಮೇಲೆ ತಡವಿಲ್ಲ

ಕಾಗದ ಬಿಸಿ ಪ್ಲೇಟನ್ನು ಮುಟ್ಟಿದ ಗಳಿಗೆಯಿಂದ ಪೂರ್ತಿ ಒತ್ತಡ ಏರುವವರೆಗೆ ಕೆಲವೇ ಸೆಕೆಂಡು ಇರಬೇಕು. ತಡವಾದರೆ ಒತ್ತಡ ಬರುವ ಮುನ್ನವೇ ರೆಸಿನ್ ಗಟ್ಟಿಯಾಗಿಬಿಡುತ್ತದೆ. ಪಂಪ್ ಸವೆದು ಮುಚ್ಚುವ ವೇಗ ನಿಧಾನವಾಗಿ ಕುಗ್ಗುತ್ತಾ ಹೋದರೆ ಯಾರಿಗೂ ತಿಳಿಯುವುದಿಲ್ಲ. ವಾರಕ್ಕೊಮ್ಮೆ ಸ್ಟಾಪ್‌ವಾಚ್ ಹಿಡಿದು ನಿಲ್ಲಿ. ಶಾಖವನ್ನೂ ಪ್ಲೇಟಿನ ಮುಖದಲ್ಲೇ ಅಳೆಯಿರಿ. ಪ್ಲೇಟನ್ನು ಕಾಯಿಸುವ ಬಿಸಿ ಎಣ್ಣೆಯ ಮೀಟರ್ ತೋರಿಸುವುದಕ್ಕಿಂತ ಅದು ಕಡಿಮೆಯೇ ಇರುತ್ತದೆ.

6. ಕಣ್ಣನ್ನು ನಂಬಬೇಡಿ, ಎರಡು ಪರೀಕ್ಷೆ ಮಾಡಿ

ಸರಿಯಾಗಿ ಪಕ್ವವಾಗದ ಬೋರ್ಡು ಪ್ರೆಸ್‌ನಿಂದ ಬರುವಾಗ ಚೆನ್ನಾಗಿ ಹೊಳೆಯುತ್ತಿರುತ್ತದೆ. ಕಣ್ಣು ಮೋಸಹೋಗುವುದು ಅಲ್ಲೇ. ಅದರ ಮೇಲೆ ರೋಡಮಿನ್ ಬಣ್ಣ ಬೆರೆಸಿದ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟು, ನಿಗದಿತ ಹೊತ್ತಿನ ನಂತರ ಒರೆಸಿ. ರೆಸಿನ್ ಪಕ್ವವಾಗಿರದಿದ್ದರೆ ಗುಲಾಬಿ ಗುರುತು ಉಳಿದು ಮೇಲ್ಮೈ ಮಂಕಾಗುತ್ತದೆ. ಅಂಥ ಮೇಲ್ಮೈ ಅಡುಗೆಮನೆಯ ಹಬೆಯನ್ನು ತಾಳುವುದಿಲ್ಲ. ಎರಡನೆಯದು ಪೆನ್ಸಿಲ್ ಸೀಸದ ಪುಡಿ: ಉಜ್ಜಿ ಒರೆಸಿದ ಮೇಲೂ ಕಪ್ಪು ಚುಕ್ಕೆ ಉಳಿದರೆ ರಂಧ್ರಗಳಿವೆ. ಪ್ರತಿ ಪಾಳಿಯ ಆರಂಭದಲ್ಲಿ, ಪ್ರತಿ ಸಲ ಕಾಗದದ ಬ್ಯಾಚ್ ಬದಲಾದಾಗ ಈ ಎರಡನ್ನೂ ಮಾಡಿ. ಹೊತ್ತು ಹೆಚ್ಚಿಸಿ ಅತಿಯಾಗಿ ಬೇಯಿಸುವುದೂ ಪರಿಹಾರವಲ್ಲ, ಕೆಲವು ವಾರಗಳ ನಂತರ ಮೇಲ್ಮೈ ಸೀಳುತ್ತದೆ.

7. ಹಿಂಬದಿಗೆ ಅಗ್ಗದ ಕಾಗದ ಬೇಡ

ಅಗ್ಗದ ಕಾಗದದಲ್ಲಿ ರೆಸಿನ್ ಕಡಿಮೆಯಿದ್ದು ಎರಡು ಮುಖಗಳ ರೆಸಿನ್ ಪ್ರಮಾಣ ಹೊಂದದಿದ್ದರೆ ಬೋರ್ಡು ಬಾಗುತ್ತದೆ. ಬಾಗಿದ್ದು ವಾರ್ಡ್‌ರೋಬ್ ಬಾಗಿಲಾದರೆ ಕಾರ್ಪೆಂಟರ್ ಹಿಂಜ್ ಎಷ್ಟು ತಿರುಗಿಸಿದರೂ ಸರಿಹೋಗದು.

8. ಬಿಸಿಬಿಸಿಯಾಗಿ ಅಟ್ಟಿ ಕಟ್ಟಬೇಡಿ

ಅಟ್ಟಿಯ ನಡುವೆ ಸಿಕ್ಕಿಕೊಂಡ ಶಾಖ ದಿನಗಟ್ಟಲೆ ಆರುವುದಿಲ್ಲ. ಬೋರ್ಡಿನೊಳಗಿನ ಚೂರುಗಳನ್ನು ಹಿಡಿದಿಟ್ಟಿರುವ ಯೂರಿಯಾ ರೆಸಿನ್‌ನ ಹಿಡಿತ ಶಾಖ ಮತ್ತು ತೇವಕ್ಕೆ ಸಡಿಲವಾಗುತ್ತದೆ. ಕೂಲರ್‌ನಲ್ಲಿ ಆರಿದ ಮೇಲೆಯೇ ಪೇರಿಸಿ.

9. ಅಂಚನ್ನು ಮರೆಯಬೇಡಿ

ಇದು ಕೊಳ್ಳುವವರಿಗೂ ಸೇರಿದ ಪಾಠ. ಬೋರ್ಡಿನೊಳಗಿನ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಸ್ವಲ್ಪಸ್ವಲ್ಪವಾಗಿ ಹೊರಬರುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ಇದನ್ನು ಮಿತಿಯಲ್ಲಿಡಲು ಇ-1 ಎಂಬ ದರ್ಜೆಯಿದೆ: 100 ಗ್ರಾಂ ಒಣ ಬೋರ್ಡಿನಲ್ಲಿ ಫಾರ್ಮಾಲ್ಡಿಹೈಡ್ 8 ಮಿಲಿಗ್ರಾಂ ಮೀರಬಾರದು. ಗಟ್ಟಿ ಮೆಲಮಿನ್ ಪದರ ಮುಖದ ಕಡೆಯಿಂದ ಅನಿಲವನ್ನು ಬಹಳಷ್ಟು ತಡೆಯುತ್ತದೆ. ಕೊಯ್ದ ಅಂಚು, ಕೊರೆದ ತೂತು ತೆರೆದೇ ಇರುತ್ತವೆ. ನಮ್ಮಲ್ಲಿ ಕಾಣುವ ಅಂಚಿಗಷ್ಟೇ ಎಡ್ಜ್ ಬ್ಯಾಂಡ್ ಹಾಕಿ, ಗೋಡೆಯ ಕಡೆಯದನ್ನು ಹಾಗೆಯೇ ಬಿಡುವ ರೂಢಿಯಿದೆ. ನೀರು ಒಳಗೆ ಹೋಗುವುದೂ ಅಲ್ಲಿಂದಲೇ, ಅನಿಲ ಹೊರಗೆ ಬರುವುದೂ ಅಲ್ಲಿಂದಲೇ.

ಕಾರ್ಖಾನೆ ನಡೆಸುವವರಲ್ಲಿ ನನ್ನ ಕೋರಿಕೆ: ಪ್ರೆಸ್ ಮೇಲಿನ ಎಕ್ಸಾಸ್ಟ್ ಸದಾ ಓಡಲಿ, ಆ ಹೊಗೆಯನ್ನು ದಿನವಿಡೀ ಉಸಿರಾಡುವವರು ನಿಮ್ಮ ಕೆಲಸಗಾರರು. ಮನೆ ಮಾಡಿಸುವವರಲ್ಲಿ ಇನ್ನೊಂದು: ಪ್ರೀಲ್ಯಾಮ್ ಪಾರ್ಟಿಕಲ್ ಬೋರ್ಡಿನ ಮೇಲೆ ಐಎಸ್ 12823 ಗುರುತು ನೋಡಿ, ಇ-1 ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ನಾಲ್ಕೂ ಅಂಚಿಗೆ ಪಟ್ಟಿ ಹಾಕಿಸಿ.