ಅರ್ಜಿಗೆ ಮುನ್ನ ತಾಲ್ಲೂಕಿನ ಪರಿಚಯ

ಉಪಾಧ್ಯಾಯಿನಿಯರ ತರಬೇತಿಯನ್ನು ಮುಗಿಸಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ಊರಿಗೆ ಪ್ರಯತ್ನಿಸಬೇಕು? ಈ ಪ್ರಶ್ನೆಯನ್ನು ಅರ್ಜಿ ಬರೆಯುವ ಮೊದಲೇ ಕೇಳುವುದು ಉಚಿತ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಅರ್ಜಿ ಕರೆದಾಗ ಅಭ್ಯರ್ಥಿಯು ಆರಿಸಬೇಕಾಗಿದ್ದುದು ಜಿಲ್ಲೆಯನ್ನು. ಶಾಲೆಯ ಆಯ್ಕೆ ಕೌನ್ಸೆಲಿಂಗಿನ ದಿನದ್ದು. ಅಂದು ತನ್ನ ಸರದಿ ಬಂದಾಗ ನಿಧಾನವಾಗಿ ಯೋಚಿಸಲು ಅವಕಾಶವಿರುವುದಿಲ್ಲ.

ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಕಾಫಿ ತೋಟ, ಮಂಜು ಎಂದು ಭಾವಿಸುವವರುಂಟು. ಕಡೂರು ಬಯಲುಸೀಮೆ, ರಾಗಿ, ತೆಂಗು, ಕೆರೆಯ ನೀರನ್ನು ನಂಬಿದ ನಾಡು. ತರೀಕೆರೆಯ ಪಶ್ಚಿಮ ಭಾಗವಾದರೋ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಗಳ ಕಡೆಗೆ ಕಾಡು ಬೆಟ್ಟಗಳನ್ನು ಸೇರುವುದು. ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದ ಅಜ್ಜಂಪುರ ಈರುಳ್ಳಿಯ ಸೀಮೆ. ಕೊಯ್ಲಿನ ಕಾಲದಲ್ಲಿ ತರಗತಿಯ ಹಾಜರಿ ಹೇಗಿರುವುದೆಂದು ಅಲ್ಲಿ ವಿಚಾರಿಸತಕ್ಕದ್ದು. ಲಂಬಾಣಿ ತಾಂಡಾದ ಶಾಲೆಯಾದರೆ ಮಕ್ಕಳ ಮನೆಮಾತು ಬೇರೆ. ಒಂದನೆಯ ತರಗತಿಯ ಕನ್ನಡ ಪಾಠವನ್ನು ಬೇರೆ ಬಗೆಯಲ್ಲಿ ಆರಂಭಿಸಬೇಕಾಗುವುದು.

ರೈಲು ನಿಲ್ದಾಣದ ಹೆಸರನ್ನು ಕಂಡೊಡನೆ ಸಮಾಧಾನಪಡುವ ತಂದೆತಾಯಿಗಳಿಗೂ ಒಂದು ಮಾತು. ತರೀಕೆರೆ, ಅಜ್ಜಂಪುರಗಳು ನೆರೆಹೊರೆಯವಾದರೂ ಎರಡು ಬೇರೆ ದಾರಿಗಳ ಮೇಲಿವೆ. ಆ ದಾರಿಗಳು ಕೂಡುವುದು ಬೀರೂರಿನಲ್ಲಿ. ಅದಕ್ಕಿಂತಲೂ ಮುಖ್ಯವಾದುದು ಹಳ್ಳಿಗೆ ಹೋಗುವ ಕಡೆಯ ಬಸ್ಸಿನ ವೇಳೆ.

ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಯು-ಡೈಸ್ ಸಂಖ್ಯೆಯುಂಟು. ಅದರ ಮೂಲಕ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಶೌಚಾಲಯವಿದೆಯೇ ಎಂದು ಮನೆಯಲ್ಲಿಯೇ ನೋಡಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಒಬ್ಬರೇ ಇರುವೆಡೆ ನೀವು ಎರಡನೆಯವರಾಗುವಿರಿ; ಮೊದಲನೆಯವರು ವರ್ಗವಾದರೆ ಐದೂ ತರಗತಿ ನಿಮ್ಮ ಪಾಲಿಗೆ. ಇದನ್ನು ಹೆದರಿಸಲೆಂದು ಹೇಳುತ್ತಿಲ್ಲ. ತಿಳಿಯದೆ ಹೋದವಳು ಆರು ತಿಂಗಳಲ್ಲಿ ವರ್ಗಾವಣೆಯ ದಾರಿ ಹುಡುಕುವಳು. ಆಗ ಅಕ್ಷರ ಕಲಿಯುತ್ತಿದ್ದ ಮಕ್ಕಳು ಮತ್ತೊಬ್ಬರ ಕೈಯಲ್ಲಿ ಮೊದಲಿಂದ ತೊಡಗಬೇಕು. ನಷ್ಟವೆಲ್ಲ ಅವರದು.

ಆದುದರಿಂದ ಶಾಲೆ ನಡೆಯುವ ದಿನವೊಂದರಲ್ಲಿ ತಂದೆಯನ್ನೋ ಅಣ್ಣನನ್ನೋ ಕರೆದುಕೊಂಡು ಬಸ್ಸಿನಲ್ಲಿಯೇ ಹೋಗಿಬನ್ನಿರಿ. ಮುಖ್ಯೋಪಾಧ್ಯಾಯರನ್ನು ಕಂಡ ಬಳಿಕ, ಬಿಸಿಯೂಟ ಮಾಡುವ ತಾಯಿಯೊಡನೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ. ಹಿಂದಿನ ಉಪಾಧ್ಯಾಯಿನಿ ಯಾರ ಮನೆಯಲ್ಲಿ ಬಾಡಿಗೆಗಿದ್ದರು, ಬೇಸಿಗೆಯಲ್ಲಿ ನೀರು ಎಲ್ಲಿಂದ ತರುತ್ತಿದ್ದರು, ಎಷ್ಟು ದಿನವಿದ್ದು ಏಕೆ ಹೋದರು ಎಂಬುದನ್ನು ಆಕೆಯನ್ನೇ ಕೇಳಿರಿ.