ಹಗಲೆಲ್ಲ ಆ ಮನೆಯಲ್ಲಿ ಇರುವವರು ಯಾರು?

ಪ್ರಶ್ನೆ: ನನಗೆ 32 ವರ್ಷ. ಧಾರವಾಡದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮಗಳಿಗೆ ಬರುವ ಜೂನ್‌ಗೆ ಮುಂಚೆ ಐದು ತುಂಬುತ್ತದೆ, ಮಗನಿಗೆ ಒಂದೂವರೆ ವರ್ಷ. ನಮ್ಮ ಮನೆಯವರಿಗೆ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆಯಿಂದ ಕೆಲಸ. ಆಫೀಸಿನ ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನಲ್ಲೇ ಇರೋಣ, ಬಾಡಿಗೆ ಕಟ್ಟುವುದು ದಂಡ, ಇಲ್ಲಿನ ಪ್ಲಾಟು ಮಾರಿ ಅಲ್ಲಿ ಮನೆ ಕೊಂಡುಬಿಡೋಣ ಎನ್ನುತ್ತಾರೆ. ನನ್ನ ಅಕ್ಕ ವಿಜಯನಗರದಲ್ಲಿದ್ದಾಳೆ, ತನ್ನ ಓಣಿಗೇ ಬಾ ಅನ್ನುತ್ತಾಳೆ. ಅತ್ತೆಯವರು, ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಯಾಕೆ ಹೋಗಬೇಕು, ಅವನೊಬ್ಬನೇ ಹೋಗಲಿ ಅನ್ನುತ್ತಾರೆ. ಎಲ್ಲಿ ಮನೆ ಮಾಡಿದರೂ ಮುಂದೆ ಏನಾದರೂ ಹೆಚ್ಚುಕಡಿಮೆ ಆದರೆ ತಪ್ಪು ನನ್ನ ಮೇಲೆಯೇ ಬರುತ್ತದೆ ಎಂಬ ಭಯ. ಒಂದು ವಾರದಿಂದ ಸರಿಯಾಗಿ ನಿದ್ದೆಯಿಲ್ಲ. ಮೊನ್ನೆ ಮಗಳಿಗೆ ವಿನಾಕಾರಣ ಬೈದು, ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಏನು ಮಾಡಲಿ?
– ಹೆಸರು ಬೇಡ, ಧಾರವಾಡ

ಉತ್ತರ: ಮಗಳಿಗೆ ಬೈದು ಅತ್ತ ವಿಷಯವನ್ನು ಪತ್ರದ ಕೊನೆಗೆ, ಹೇಳಲೋ ಬೇಡವೋ ಎಂಬಂತೆ ಬರೆದಿದ್ದೀರಿ. ಅಲ್ಲಿಂದಲೇ ಶುರು ಮಾಡೋಣ. ನೀವು ಕೆಟ್ಟ ತಾಯಿಯಲ್ಲ, ದಣಿದ ತಾಯಿ. ಮನೆಯಲ್ಲಿ ಎಲ್ಲರೂ ಹೊಸ ಕೆಲಸದ ಸಂತೋಷದಲ್ಲಿದ್ದಾರೆ. ನೀವು ಮಾತ್ರ ಕಲಿಸುವ ಕೆಲಸ ಬಿಡಬೇಕು, ಓಣಿ ಬಿಡಬೇಕು, ಮಕ್ಕಳನ್ನು ನಂಬಿ ಬಿಟ್ಟುಹೋಗುತ್ತಿದ್ದ ಮನೆಗಳನ್ನು ಬಿಡಬೇಕು. ಅದು ನಷ್ಟವೇ. ಬೇರೆಯವರ ಸಂತೋಷ ಕೆಡಬಾರದೆಂದು ಆ ದುಃಖವನ್ನು ನೀವು ಬಾಯಿ ಬಿಟ್ಟು ಹೇಳಿಲ್ಲ. ಹೇಳದ ದುಃಖ ನಿದ್ದೆಯನ್ನು ಕೆಡಿಸುತ್ತದೆ, ಕೈಗೆ ಸಿಕ್ಕ ಮಗುವಿನ ಮೇಲೆ ಸಿಟ್ಟಾಗಿ ಬೀಳುತ್ತದೆ. ಇವತ್ತು ರಾತ್ರಿ ಮಗಳನ್ನು ಪಕ್ಕ ಕೂರಿಸಿಕೊಂಡು, ‘ಅವತ್ತು ಬೈದೆನಲ್ಲ, ನಿನ್ನದೇನೂ ತಪ್ಪಿರಲಿಲ್ಲ, ನನಗೆ ಸುಸ್ತಾಗಿತ್ತು’ ಎಂದು ಹೇಳಿ. ಐದು ವರ್ಷದ ಮಗುವಿಗೆ ಅಷ್ಟು ಸಾಕು.

ಇಂಥ ಪತ್ರಗಳು ನನಗೆ ಆಗಾಗ ಬರುತ್ತವೆ. ಕಲಬುರಗಿಯಿಂದ ಹೈದರಾಬಾದಿಗೆ ಹೊರಟವರು, ಮಂಗಳೂರಿನಿಂದ ಪುಣೆಗೆ ಹೊರಟವರು, ದಾವಣಗೆರೆಯಿಂದ ಬೆಂಗಳೂರಿಗೆ ಬಂದಾದ ಮೇಲೆ ಬರೆದವರು. ಹೆಚ್ಚಿನವರು ಕೇಳುವುದು ‘ಯಾವ ಏರಿಯಾ ಒಳ್ಳೆಯದು’ ಎಂದೇ. ಆದರೆ ಪತ್ರ ಪೂರ್ತಿ ಓದಿದರೆ ಒಳಗಿರುವ ಪ್ರಶ್ನೆ ಬೇರೆ: ಈ ತೀರ್ಮಾನದಲ್ಲಿ ನನ್ನ ಮಾತಿಗೆ ಬೆಲೆ ಇದೆಯೇ? ನಿಮ್ಮ ಪತ್ರದಲ್ಲೂ ಪತಿಯ ಅಭಿಪ್ರಾಯವಿದೆ, ಅಕ್ಕನದಿದೆ, ಅತ್ತೆಯವರದಿದೆ. ನಿಮಗೆ ಎಲ್ಲಿರಬೇಕು ಅನ್ನಿಸುತ್ತದೆ ಎಂಬ ಒಂದು ಸಾಲೂ ಇಲ್ಲ. ಗಮನಿಸಿದಿರಾ?

ಅವರು ಯಾರೂ ನಿಮ್ಮ ಕೇಡು ಬಯಸುತ್ತಿಲ್ಲ. ಆಫೀಸಿನ ಹತ್ತಿರ ಮನೆ ಮಾಡಿದರೆ ಸಂಜೆ ಬೇಗ ಬಂದು ಮಕ್ಕಳನ್ನು ಎತ್ತಿಕೊಳ್ಳಬಹುದು ಎಂಬುದು ನಿಮ್ಮವರ ಲೆಕ್ಕವಿರಬೇಕು. ಅದು ಪ್ರೀತಿಯ ಲೆಕ್ಕವೇ. ಅತ್ತೆಯವರ ಮಾತಿನಲ್ಲಿ ಮೊಮ್ಮಕ್ಕಳನ್ನು ಬಿಟ್ಟಿರಲಾರದ ಸಂಕಟವಿದೆ. ಆದರೆ ಮನೆ ಹುಡುಕುವಾಗ ನಾವೆಲ್ಲ ಮೊದಲು ಅಳೆಯುವುದು ಸಂಬಳ ತರುವವರ ದಾರಿಯನ್ನು. ಇಷ್ಟು ಸಣ್ಣ ಮಕ್ಕಳಿರುವ ಮನೆಯಲ್ಲಿ ಮೊದಲು ಕೇಳಬೇಕಾದ್ದು, ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರ ತನಕ ಆ ನಾಲ್ಕು ಗೋಡೆಗಳ ನಡುವೆ ಇರುವವರು ಯಾರು ಎಂದು. ಈಗಿನ ಮಟ್ಟಿಗೆ ಆ ಜನ ನೀವು ಮತ್ತು ಎರಡು ಮಕ್ಕಳು.

ಲೆಕ್ಕ ನಿಮ್ಮದೇ ವಿಷಯ, ಒಮ್ಮೆ ಹೀಗೆ ಹಾಕಿ ನೋಡಿ. ವಿಜಯನಗರದಿಂದ ವೈಟ್‌ಫೀಲ್ಡಿಗೆ ಮೊದಲಿನ ಹಾಗೆ ಬಸ್ಸು ಬದಲಿಸಿ ಒದ್ದಾಡಬೇಕಿಲ್ಲ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಒಂದೇ ಓಟ. ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ ಮೂರೂ ನಿಲ್ದಾಣ ಅದೇ ಮಾರ್ಗದಲ್ಲಿವೆ. ಐಟಿಪಿಎಲ್ ಕಡೆಗಾದರೆ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಬೇಕು. ರೈಲಿನಲ್ಲಿ ಒಂದು ಗಂಟೆಗೂ ಸ್ವಲ್ಪ ಮೇಲೆ ಹಿಡಿಯುತ್ತದೆ. ನಡಿಗೆ, ಕಾಯುವುದು ಎಲ್ಲ ಸೇರಿಸಿದರೆ ಆಫೀಸಿಗೆ ಹೋಗುವ ಮೂರು ದಿನ ನಿಮ್ಮವರಿಗೆ ದಿನಕ್ಕೆ ಎರಡೂವರೆ ಗಂಟೆಯಷ್ಟು ಹೆಚ್ಚಿಗೆ ಹೋಗಬಹುದು, ಅಂದರೆ ವಾರಕ್ಕೆ ಏಳೆಂಟು ಗಂಟೆ. ಇದು ಸಣ್ಣ ಮೊತ್ತವಲ್ಲ, ಆ ದಣಿವನ್ನು ಹಗುರ ಮಾಡಿ ಮಾತಾಡಬೇಡಿ. ಇನ್ನೊಂದು ಕಡೆಗೆ, ಗುರುತಿಲ್ಲದ ಊರಿನಲ್ಲಿ ಎರಡು ಮಕ್ಕಳೊಡನೆ ನೀವೊಬ್ಬರೇ ಕಳೆಯುವ ಗಂಟೆಗಳನ್ನು ಬರೆಯಿರಿ. ಮಗನಿಗೆ ಜ್ವರ ಬಂದ ದಿನವೇ ಮಗಳನ್ನು ಶಾಲೆಯಿಂದ ಕರೆತರಬೇಕಾದಾಗ ಯಾರನ್ನು ಕೂಗುತ್ತೀರಿ ಎಂಬುದನ್ನೂ ಬರೆಯಿರಿ. ಎರಡು ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಇಬ್ಬರೂ ಒಟ್ಟಿಗೆ ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ಆಫೀಸು ಮೂರೇ ದಿನ ಇರುವ ತನಕ ಮೊದಲ ವರ್ಷ ಅಕ್ಕನ ಹತ್ತಿರ ಇರುವುದು ಒಳ್ಳೆಯದು. ಅಕ್ಕನ ಮನೆಯಲ್ಲೇ ಎಂದು ಹೇಳುತ್ತಿಲ್ಲ. ನಡೆದು ಹೋಗುವಷ್ಟು ದೂರದಲ್ಲಿ, ಮೆಟ್ರೊ ನಿಲ್ದಾಣಕ್ಕೂ ಹತ್ತಿರವಾಗಿ, ನಿಮ್ಮದೇ ಬೇರೆ ಮನೆ. ಹೋಗುವ ಮೊದಲು ಅಕ್ಕನ ಹತ್ತಿರವೂ ಬಿಚ್ಚಿ ಮಾತಾಡಿ. ಕರೆದದ್ದು ಅಕ್ಕ, ಆದರೆ ಭಾವನವರಿಗೂ ಅವರ ಮಕ್ಕಳಿಗೂ ಅವರದೇ ದಿನಚರಿಯಿದೆ. ವಾರದಲ್ಲಿ ಎಷ್ಟು ಹೊತ್ತಿನ ಸಹಾಯ, ಯಾವ ಹೊತ್ತಿನಲ್ಲಿ ಎಂದು ಮೊದಲೇ ಕೇಳಿಕೊಂಡರೆ ಅಕ್ಕತಂಗಿಯರ ಸಂಬಂಧ ಚೆನ್ನಾಗಿ ಉಳಿಯುತ್ತದೆ. ಆಫೀಸು ಐದು ದಿನಕ್ಕೆ ಏರಿತು ಅನ್ನಿ, ಆಗ ಅದೇ ಮಾರ್ಗದಲ್ಲಿ ಬೈಯಪ್ಪನಹಳ್ಳಿ, ಕೆ.ಆರ್. ಪುರದ ಆಸುಪಾಸು ನೋಡಬಹುದು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿಯೂ ಕನ್ನಡದ ಕುಟುಂಬಗಳಿವೆ, ಮಕ್ಕಳು ಆಡಲು ಗೇಟಿನೊಳಗೇ ಜಾಗವಿದೆ. ಅಲ್ಲಿ ಬಾಳುವುದೇ ಕಷ್ಟ ಎಂದು ತಿಳಿಯಬೇಡಿ. ಗೆಳೆತನ ಆಗುತ್ತದೆ. ಮೊದಲ ಆರು ತಿಂಗಳು ದಾಟುವುದೇ ಕಷ್ಟ.

ಒಂದು ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಮೊದಲ ವರ್ಷ ಮನೆ ಕೊಳ್ಳಬೇಡಿ, ಪ್ಲಾಟು ಮಾರಬೇಡಿ. ಬಂಗಾರ ಒತ್ತೆಯಿಟ್ಟು ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಮನೆ ಹಿಡಿಯುವುದೂ ಬೇಡ. ಬಾಡಿಗೆ ದಂಡವಲ್ಲ. ಊರು ನಿಮಗೆ ಒಗ್ಗುತ್ತದೆಯೇ, ಕೆಲಸ ಅವರಿಗೆ ಒಗ್ಗುತ್ತದೆಯೇ ಎಂದು ತಿಳಿಯಲು ಕೊಡುವ ದುಡ್ಡು ಅದು. ಅಲ್ಲಿನ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ಏಕೆಂದರೆ ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಹೆದರಿದವರಿಗೆ ಈ 11 ತಿಂಗಳು ಒಂದು ಸಮಾಧಾನ. ತಪ್ಪಾದರೆ ಬದಲಿಸಬಹುದು. ಬದಲಿಸಬಹುದಾದ ತೀರ್ಮಾನಕ್ಕೆ ‘ತಪ್ಪು ಯಾರದು’ ಎಂಬ ಪ್ರಶ್ನೆ ಅಷ್ಟು ದೊಡ್ಡದಲ್ಲ. ಅಡ್ವಾನ್ಸು ಹತ್ತು ತಿಂಗಳ ಬಾಡಿಗೆ ಎನ್ನುವುದು ಹಳೆಯ ರೂಢಿ, ಕೇಳಿದರೆ ಕಡಿಮೆ ಮಾಡುವವರೂ ಇದ್ದಾರೆ. ಬಿಡುವಾಗ ಪೇಂಟಿಂಗ್‌ಗೆಂದು ಎಷ್ಟು ಹಿಡಿಯುತ್ತಾರೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹೋಗುತ್ತದೆ ಎಂಬುದನ್ನು ಸಹಿ ಹಾಕುವ ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳಿ.

ಮನೆ ನೋಡಲು ಭಾನುವಾರ ಹೋಗಬೇಡಿ. ಭಾನುವಾರ ಬೆಂಗಳೂರು ಬೇರೆಯದೇ ಊರು. ಕೆಲಸದ ದಿನ ಸಂಜೆ ಆರೂವರೆಗೆ ಹೋಗಿ, ಆ ರಸ್ತೆ ದಾಟಿ ನೋಡಿ. ಮಗುವನ್ನು ಎತ್ತಿಕೊಂಡು ಔಷಧಿ ಅಂಗಡಿಗೆ, ಮಕ್ಕಳ ಡಾಕ್ಟರ ಹತ್ತಿರಕ್ಕೆ, ಪಾರ್ಕಿಗೆ ನಡೆದು ಹೋಗಲು ಫುಟ್‌ಪಾತ್ ಇದೆಯೇ ನೋಡಿ. ನೀರಿನ ವಿಷಯವನ್ನು ಬ್ರೋಕರನ್ನಲ್ಲ, ಕೆಳಗಿನ ಮನೆಯ ಹೆಂಗಸರನ್ನು ಕೇಳಿ: ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಬೋರ್‌ವೆಲ್ ಇದೆಯೇ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆಯೇ, ಅದರ ದುಡ್ಡು ಯಾರು ಕೊಡುತ್ತಾರೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಎಷ್ಟೋ ಮನೆಗಳು ಟ್ಯಾಂಕರಿಗಾಗಿ ಕಾದು ಕುಳಿತಿದ್ದವು. ಆ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಹೊರಗಿನ 110 ಹಳ್ಳಿಗಳ ಕಡೆಗೂ ನೀರು ಹರಿಯುವ ಏರ್ಪಾಡಾಗಿದೆ. ಆದರೂ ನೀವು ನೋಡುವ ಆ ಕಟ್ಟಡಕ್ಕೆ ಸಂಪರ್ಕ ಬಂದಿದೆಯೇ ಎಂದು ಕೇಳಲೇಬೇಕು. ಒಂದೂವರೆ ವರ್ಷದ ಮಗುವಿರುವ ಮನೆಗೆ ಈಜುಕೊಳಕ್ಕಿಂತ ನಲ್ಲಿ ನೀರು ಮುಖ್ಯ.

ಶಾಲೆಯ ಚಿಂತೆಯನ್ನು ಸ್ವಲ್ಪ ಇಳಿಸಿ. ಒಂದನೇ ತರಗತಿಗೆ ಸೇರಲು ನಮ್ಮ ರಾಜ್ಯದಲ್ಲಿ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. ನಿಮ್ಮ ಮಗಳು ಬರುವ ವರ್ಷ ಯುಕೆಜಿಗೆ ಹೋಗುವ ವಯಸ್ಸಿನವಳು. ಹಾಗಾಗಿ ಹತ್ತನೇ ತರಗತಿ ತನಕದ ಶಾಲೆಯನ್ನು ಈಗಲೇ ಹುಡುಕಿ ಅದರ ಸುತ್ತ ಮನೆ ಮಾಡಬೇಕಿಲ್ಲ. ನಡೆದು ಹೋಗುವಷ್ಟು ಹತ್ತಿರದ, ಮಕ್ಕಳನ್ನು ಹೆದರಿಸದ ಒಂದು ಸಣ್ಣ ಶಾಲೆ ಒಂದು ವರ್ಷಕ್ಕೆ ಸಾಕು. ಒಂದನೇ ತರಗತಿಗೆ ಎಲ್ಲಿ ಎಂದು ಆ ವರ್ಷ ಅಲ್ಲೇ ಇದ್ದು, ಬೇರೆ ತಾಯಂದಿರನ್ನು ಕೇಳಿ ನಿಧಾನವಾಗಿ ತೀರ್ಮಾನಿಸಿ. ಮಗನ ತಾಯಿ ಕಾರ್ಡನ್ನು ಮಾತ್ರ ಸಾಮಾನಿನ ಲಾರಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಅವನ ಮುಂದಿನ ಲಸಿಕೆಗಳಿಗೆ ಅದು ಬೇಕು.

ಹೊಸ ಮನೆಗೆ ಹೋದ ತಿಂಗಳಲ್ಲೇ ಮಗನಿಗೆ ಎದೆಹಾಲು ಬಿಡಿಸುವುದು, ಮಗಳನ್ನು ಬೇರೆ ಕೋಣೆಯಲ್ಲಿ ಮಲಗಿಸುವುದು ಇಂಥದ್ದನ್ನು ಶುರು ಮಾಡಬೇಡಿ. ಮಕ್ಕಳಿಗೆ ಒಂದು ಸಲಕ್ಕೆ ಒಂದು ಬದಲಾವಣೆ ಸಾಕು. ಅದೇ ಹಳೆಯ ಕೌದಿ, ಅದೇ ತಟ್ಟೆ, ಮಲಗುವ ಮುಂಚೆ ಅದೇ ಕಥೆ ಇರಲಿ. ಮಗಳು ಕೆಲವು ದಿನ ‘ನಮ್ಮ ಮನೆಗೆ ಹೋಗೋಣ’ ಎಂದು ಅತ್ತರೆ ಗಾಬರಿಯಾಗಬೇಡಿ, ‘ಇನ್ನು ಇದೇ ನಮ್ಮ ಮನೆ’ ಎಂದು ಬಾಯಿ ಮುಚ್ಚಿಸಲೂಬೇಡಿ. ಅಜ್ಜಿಗೆ ಫೋನ್ ಮಾಡಿ ಕೊಡಿ. ಧಾರವಾಡ–ಬೆಂಗಳೂರು ನಡುವೆ ರಾತ್ರಿ ರೈಲುಗಳಿವೆ, 2023ರ ಜೂನ್‌ನಿಂದ ಹಗಲಿನ ವಂದೇ ಭಾರತ್ ಇದೆ. ಅತ್ತೆಯವರು ಬಂದು ಒಂದು ತಿಂಗಳು ಇರುವುದಕ್ಕೆ ಈಗಲೇ ದಿನ ಗೊತ್ತು ಮಾಡಿದರೆ, ‘ಹೋಗಬೇಡಿ’ ಅನ್ನುವ ಅವರ ಮಾತೂ ಮೆತ್ತಗಾಗಬಹುದು.

ಇನ್ನು ನಿಮ್ಮ ಕೆಲಸ. ಬಿಡಬೇಕು ಎಂದು ಬರೆಯದಿದ್ದರೂ ಬಿಟ್ಟಂತೆಯೇ ಬರೆದಿದ್ದೀರಿ. ಗಣಿತ ಕಲಿಸಬಲ್ಲವರನ್ನು ಬೆಂಗಳೂರಿನ ಶಾಲೆಗಳು ಹುಡುಕುತ್ತಿರುತ್ತವೆ. ಈ ಜೂನ್‌ಗೆ ಬೇಡ, ಮುಂದಿನ ಜೂನ್‌ಗೆ ಸೇರುತ್ತೇನೆ ಎಂದು ಇಟ್ಟುಕೊಂಡರೂ, ಮನೆ ಹುಡುಕುವಾಗ ನಿಮ್ಮ ಮುಂದಿನ ಕೆಲಸದ ದಾರಿಯೂ ಆ ಲೆಕ್ಕದಲ್ಲಿ ಸೇರಬೇಕು. ಇದನ್ನು ನಿಮ್ಮವರ ಹತ್ತಿರ ಜಗಳದ ದನಿಯಲ್ಲಿ ಅಲ್ಲ, ನೇರವಾಗಿ ಹೇಳಿ. ಮಕ್ಕಳು ಮಲಗಿದ ಮೇಲೆ, ಫೋನು ಬದಿಗಿಟ್ಟು, ‘ನನಗೆ ಈ ಊರು ಬಿಡಲು ದುಃಖವಾಗುತ್ತಿದೆ, ಹೆದರಿಕೆಯೂ ಇದೆ, ನನ್ನ ಮಾತನ್ನು ಪೂರ್ತಿ ಕೇಳಿ’ ಎಂದು ಶುರು ಮಾಡಿ. ಬಹಳ ಗಂಡಸರಿಗೆ ಹೆಂಡತಿ ಸುಮ್ಮನಿರುವುದು ಒಪ್ಪಿಗೆಯಂತೆ ಕಾಣುತ್ತದೆ. ಹೇಳಿದರೆ ಕೇಳುವ ಮನಸ್ಸು ಅವರಿಗೆ ಇದ್ದೇ ಇರುತ್ತದೆ ಎಂದು ನಂಬಿ ಮಾತಾಡಿ. ಕೊನೆಗೆ ಯಾವ ಮನೆಯನ್ನೇ ಆರಿಸಿ, ‘ಇದು ನಮ್ಮಿಬ್ಬರ ತೀರ್ಮಾನ’ ಎಂದು ಮನೆಯ ಹಿರಿಯರ ಮುಂದೆ ಅವರ ಬಾಯಿಂದಲೇ ಬರಲಿ. ನಿಮ್ಮ ಭಯಕ್ಕೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ನಿದ್ದೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾತಾಡಿ ಮನಸ್ಸು ಹಗುರಾದ ಮೇಲೂ ಎರಡು ವಾರದಾಚೆಗೆ ಇದು ಹೀಗೇ ಮುಂದುವರಿದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಬಂದರೆ ತಡಮಾಡದೆ ವೈದ್ಯರನ್ನು ಕಾಣಿ. ನಿಮ್ಮ ಊರಿನಲ್ಲೇ ಡಿಮ್ಹಾನ್ಸ್ ಇದೆ, ಬೆಂಗಳೂರಿಗೆ ಹೋದ ಮೇಲೆ ನಿಮ್ಹಾನ್ಸ್ ಇದೆ. ಮನೆಯಿಂದ ಹೊರಡಲಾಗದ ಹೊತ್ತಿನಲ್ಲಿ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಅಂಕಣ ಓದುತ್ತಿರುವ, ಪತ್ರ ಬರೆಯಲು ಧೈರ್ಯವಾಗದ ಬೇರೆಯವರಿಗೂ ಇದೇ ಮಾತು.

ಸದ್ಯಕ್ಕೆ ಒಂದೇ ಒಂದು ಕೆಲಸ ಮಾಡಿ. ಯಾವ ಮನೆಗೂ ಅಡ್ವಾನ್ಸ್ ಕೊಡುವ ಮುನ್ನ ಒಂದು ವಾರ ರಜೆ ಹಾಕಿ, ನಾಲ್ಕೂ ಜನ ಅಕ್ಕನ ಮನೆಗೆ ಹೋಗಿ ಇರಿ. ಎರಡು ದಿನ ನಿಮ್ಮವರು ಅಲ್ಲಿಂದ ಮೆಟ್ರೊದಲ್ಲಿ ವೈಟ್‌ಫೀಲ್ಡಿಗೆ, ಆಫೀಸಿನ ಹೊತ್ತಿಗೇ, ಹೋಗಿ ಬರಲಿ. ಇನ್ನೊಂದು ದಿನ ನೀವು ಮಕ್ಕಳೊಡನೆ ವೈಟ್‌ಫೀಲ್ಡಿಗೆ ಹೋಗಿ, ಅವರು ಹೇಳುವ ಆ ಅಪಾರ್ಟ್‌ಮೆಂಟಿನ ಸುತ್ತ ಬೆಳಗ್ಗೆಯಿಂದ ಸಂಜೆ ತನಕ ಇದ್ದು ಬನ್ನಿ. ಆಮೇಲೆ ಇಬ್ಬರೂ ಕೂತು ಮಾತಾಡಿ, ಏನು ತೀರ್ಮಾನವಾಯಿತು ಎಂದು ನನಗೂ ಬರೆಯಿರಿ.