ಪರ್ಯಾಯವು ಕಲಿಸುವ ನಾಯಕಧರ್ಮ

ನಾಯಕನಾದವನಲ್ಲಿ ಇರಬೇಕಾದ ಗುಣಗಳಾವುವು, ಹತ್ತು ಜನರು ಕೂಡಿ ಮಾಡುವ ಕಾರ್ಯವು ಒಡಕಿಲ್ಲದೆ ನಡೆಯಲು ಬೇಕಾದುದೇನು ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಉಡುಪಿಯ ಶ್ರೀಕೃಷ್ಣಮಠದ ಪರ್ಯಾಯ ವ್ಯವಸ್ಥೆಯನ್ನು ಗಮನವಿಟ್ಟು ನೋಡಿದರೆ ಸಾಕು. ಪರ್ಯಾಯವೆಂದೊಡನೆ ನಮ್ಮಲ್ಲಿ ಅನೇಕರಿಗೆ ಮೆರವಣಿಗೆ, ದರ್ಬಾರು, ಸಂತರ್ಪಣೆಗಳು ನೆನಪಾಗುತ್ತವೆ. ಅದರೊಳಗೆ ಅಡಗಿರುವ ಧರ್ಮಸೂಕ್ಷ್ಮವನ್ನು ಚಿಂತಿಸುವುದೇ ಈ ಲೇಖನದ ಉದ್ದೇಶ.

ಶ್ರೀಮದಾನಂದತೀರ್ಥ ಭಗವತ್ಪಾದರು ಉಡುಪಿಯಲ್ಲಿ ಶ್ರೀಕೃಷ್ಣನನ್ನು ಪ್ರತಿಷ್ಠಾಪಿಸಿ, ಪೂಜಾಕೈಂಕರ್ಯವನ್ನು ಒಬ್ಬ ಶಿಷ್ಯರಿಗೆ ಮಾತ್ರ ವಹಿಸದೆ ಎಂಟು ಮಂದಿ ಯತಿಗಳಿಗೆ ವಹಿಸಿದರು. ಒಬ್ಬೊಬ್ಬರಿಗೆ 2 ತಿಂಗಳ ಸರದಿ. 16 ತಿಂಗಳಿಗೊಮ್ಮೆ ಅದು ಮರಳಿ ಬರುತ್ತಿತ್ತು. ಶ್ರೀವಾದಿರಾಜತೀರ್ಥರು 1522ರಲ್ಲಿ ಈ ಅವಧಿಯನ್ನು 2 ವರ್ಷಗಳಿಗೆ ಏರಿಸಿದರು. ಇದರಿಂದ ಸರದಿಯಲ್ಲಿರುವ ಯತಿಗಳಿಗೆ ಕೈಗೊಂಡ ಕಾರ್ಯವನ್ನು ಪೂರೈಸಲು ಸಾಕಷ್ಟು ಕಾಲ ದೊರೆಯಿತು. ಸರದಿ ಮುಗಿಸಿದವರಿಗೆ ಮುಂದಿನ 14 ವರ್ಷ ಸಂಚಾರ, ಪಾಠ, ಪ್ರವಚನಗಳಿಗೆ ಅವಕಾಶವಾಯಿತು. ಈ ಕ್ರಮದ 32ನೆಯ ಚಕ್ರವು 2018ರ ಜನವರಿ 18ರಂದು ಪಲಿಮಾರು ಮಠದಿಂದ ಆರಂಭವಾಯಿತು. ಸುಮಾರು ಐದು ಶತಮಾನ ಬಾಳಿದ ವ್ಯವಸ್ಥೆಯಲ್ಲಿ ನಾವು ಕಲಿಯತಕ್ಕ ಅಂಶಗಳು ಮೂರು.

ಮೊದಲನೆಯದು, ಅಧಿಕಾರದ ಚಿಹ್ನೆ. ನಿರ್ಗಮಿಸುವ ಶ್ರೀಪಾದರು ಬರುವವರಿಗೆ ಒಪ್ಪಿಸುವುದು ಖಡ್ಗವನ್ನಲ್ಲ, ಕಿರೀಟವನ್ನಲ್ಲ. ಅಕ್ಷಯಪಾತ್ರೆಯನ್ನು, ಸಟ್ಟುಗವನ್ನು, ಗರ್ಭಗುಡಿಯ ಕೀಲಿಕೈಯನ್ನು. ಬಡಿಸುವ ಸಟ್ಟುಗವೇ ಇಲ್ಲಿ ರಾಜದಂಡ. ಹಸಿದು ಬಂದವನಿಗೆ ಅನ್ನವಿಕ್ಕುವವನೇ ನಾಯಕನೆಂಬುದು ಇದರ ಅರ್ಥ.

ಎರಡನೆಯದು, ಮುಂಚಿನ ಸಿದ್ಧತೆ. ಸರದಿ ಬರುವುದಕ್ಕೆ ಒಂದು ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತ ನಡೆಯುತ್ತದೆ. ಅನಂತರ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ಒಬ್ಬರು ಪೀಠದಲ್ಲಿರುವಾಗಲೇ ಇನ್ನೊಬ್ಬರು ಬಹಿರಂಗವಾಗಿ ಸಿದ್ಧರಾಗುತ್ತಾರೆ. ಅದನ್ನು ಯಾರೂ ಅಪಚಾರವೆಂದು ಭಾವಿಸುವುದಿಲ್ಲ.

ಮೂರನೆಯದು, ಪರಸ್ಪರ ಆಸರೆ. ಪಲಿಮಾರು-ಅದಮಾರು, ಕೃಷ್ಣಾಪುರ-ಪುತ್ತಿಗೆ, ಶಿರೂರು-ಸೋದೆ, ಕಾಣಿಯೂರು-ಪೇಜಾವರ ಎಂದು ಎಂಟು ಮಠಗಳು ಜೋಡಿಗೂಡಿ ದ್ವಂದ್ವಮಠಗಳೆನಿಸಿವೆ. ಒಂದರಲ್ಲಿ ಪೀಠ ಬರಿದಾದರೆ ಇನ್ನೊಂದು ಅದರ ಹೊಣೆ ಹೊರುತ್ತದೆ.

ಇದನ್ನು ಬರೆಯುವಾಗ ನನ್ನ ಬಾಲ್ಯದ ಒಂದು ಪ್ರಸಂಗ ನೆನಪಾಗುತ್ತದೆ. ನಮ್ಮ ತಂದೆಯವರು ಅರ್ಚಕರಾಗಿದ್ದ ದೇವಸ್ಥಾನದಲ್ಲಿ ಹಿರಿಯರೊಬ್ಬರು ಬಹಳ ವರ್ಷ ಮಧ್ವನವಮಿಯ ಸಂತರ್ಪಣೆಯನ್ನು ನಡೆಸುತ್ತಿದ್ದರು. ಅಕ್ಕಿಯ ಲೆಕ್ಕ, ಪಾತ್ರೆಗಳ ಲೆಕ್ಕ, ದಾನಿಗಳ ಹೆಸರು ಎಲ್ಲವೂ ಅವರ ನೆನಪಿನಲ್ಲಿಯೇ. ಒಂದು ವರ್ಷ ಅವರು ಹಾಸಿಗೆ ಹಿಡಿದರು. ಉಗ್ರಾಣದ ಕೀಲಿಕೈ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಎಷ್ಟು ಅಕ್ಕಿ ಹಾಕಬೇಕೆಂದು ಅಡಿಗೆಯವರು ಕೇಳಿದಾಗ ಉತ್ತರಿಸುವವರಿಲ್ಲ. ಎಲೆ ಹಾಕುವಾಗ ಸೂರ್ಯನು ಪಶ್ಚಿಮಕ್ಕೆ ವಾಲಿದ್ದನು. ಮಕ್ಕಳು ಹಸಿದು ಅಳುತ್ತಿದ್ದರು. ಆ ಹಿರಿಯರ ಭಕ್ತಿಯಲ್ಲಿ ಲೇಶವೂ ಕೊರತೆಯಿರಲಿಲ್ಲ. ಅವರು ಯಾರಿಗೂ ಕಲಿಸಲಿಲ್ಲ. ಉಳಿದವರು ಕೇಳಿ ಕಲಿಯಲೂ ಇಲ್ಲ. ತಪ್ಪು ಎರಡೂ ಕಡೆಯದು.

'ನಾನಿಲ್ಲದಿದ್ದರೆ ಇದು ನಡೆಯದು' ಎಂಬ ಮಾತು ಕೇಳಲು ನಿಷ್ಠೆಯಂತೆ ತೋರಿದರೂ ಅದು ಅಹಂಕಾರದ ಸೂಕ್ಷ್ಮರೂಪವೇ ಸರಿ. ಸ್ವತಂತ್ರನು ಶ್ರೀಹರಿಯೊಬ್ಬನೇ, ಜೀವನು ಸರ್ವಥಾ ಪರತಂತ್ರನೆಂಬ ನಮ್ಮ ಸಿದ್ಧಾಂತವನ್ನು ಒಪ್ಪಿದವನು ಈ ಮಾತನ್ನು ಆಡಲಾರನು. ತನ್ನ ಪಾಲಿನ ಕರ್ತವ್ಯವನ್ನು ಶ್ರದ್ಧೆಯಿಂದ ಮಾಡುವುದು, ಕಾಲ ಬಂದಾಗ ಪ್ರಸನ್ನಚಿತ್ತದಿಂದ ಒಪ್ಪಿಸುವುದು, ಇವೆರಡೂ ಒಂದೇ ಪೂಜೆಯ ಅಂಗಗಳು.

ಆದುದರಿಂದ ನಮ್ಮ ಉತ್ಸವ ಸಮಿತಿ, ಭಜನಾ ಮಂಡಳಿಗಳಲ್ಲಿ ಹೊಣೆ ಹೊತ್ತವರು ತಮ್ಮ ಜೊತೆಗೆ ಒಬ್ಬ ತರುಣನನ್ನು ಈಗಿನಿಂದಲೇ ಇರಿಸಿಕೊಳ್ಳಲಿ. ಲೆಕ್ಕಪತ್ರಗಳು ಪುಸ್ತಕದಲ್ಲಿರಲಿ. ಹೊಣೆಗೆ ಅವಧಿಯೊಂದು ನಿಶ್ಚಯವಾಗಿರಲಿ. ತರುಣರಾದರೋ ಕರೆಯುವವರೆಗೆ ಕಾಯದೆ ಹಿರಿಯರ ಬಳಿ ನಿಂತು ಕಲಿಯಲಿ. ಮನೆಯಲ್ಲಿಯೂ ಹಾಗೆಯೇ: ದೇವರ ಪೂಜೆಯ ಕ್ರಮವನ್ನು ಮಗನಿಗೆ, ಹಬ್ಬದ ಮಡಿ-ಅಡಿಗೆಯ ಕ್ರಮವನ್ನು ಸೊಸೆಗೆ, ಮಗಳಿಗೆ, ಕೈ ಗಟ್ಟಿಯಿರುವಾಗಲೇ ಕಲಿಸಬೇಕು. ಸಟ್ಟುಗವು ಕೈಯಿಂದ ಕೈಗೆ ಸಾಗುತ್ತಿದ್ದರೆ ಮಾತ್ರ ಪಂಕ್ತಿಯಲ್ಲಿ ಕುಳಿತವರಿಗೆ ಹೊತ್ತಿಗೆ ಸರಿಯಾಗಿ ಅನ್ನ ಬೀಳುವುದು.

॥ ಶ್ರೀಕೃಷ್ಣಾರ್ಪಣಮಸ್ತು ॥